ರವಿಕೆಯ ಹುಕ್ಕು, ಪೈಪಿನ ಪಟ್ಟಿ ಮತ್ತು 'ಯಾರಿಗಾದರೂ ಹೊಳೆಯುತ್ತಿತ್ತು' ಎಂಬ ಮಾತು

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ನಮ್ಮ ಫಿಟ್ಟರ್ ಒಬ್ಬರು ಪೈಪ್ ಹಿಡಿಯುವ ಹೊಸ ಬಗೆಯ ಕ್ಲಿಪ್ ಮಾಡಿದ್ದಾರೆ. ಪೇಟೆಂಟ್ ಮಾಡಿಸಿ ಎಂದು ಕೆಲವರು ಹೇಳಿದರೆ, 'ಇದೇನು ಮಹಾ, ಯಾರಿಗಾದರೂ ಹೊಳೆಯುತ್ತಿತ್ತು' ಎಂದು ಇನ್ನು ಕೆಲವರು ನಗುತ್ತಾರೆ. ನಟ್ಟು, ಬೋಲ್ಟು, ಕೊಕ್ಕೆ, ಸ್ಪ್ರಿಂಗು ಎಲ್ಲ ಅಜ್ಜನ ಕಾಲದವು. ಅವನ್ನೇ ಸೇರಿಸಿ ಮಾಡಿದ ವಸ್ತು ಆವಿಷ್ಕಾರ ಹೇಗಾಗುತ್ತದೆ? ಯಾರಿಗೆ ಹೊಳೆಯುತ್ತಿತ್ತು, ಯಾರಿಗೆ ಇಲ್ಲ ಎಂದು ಅಳೆಯುವುದಾದರೂ ಹೇಗೆ? ಅಳೆಯುವವರ ಮನಸ್ಸಿಗೆ ತೋಚಿದ್ದೇ ತೀರ್ಪೇ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇದು ನಿಮ್ಮೊಬ್ಬರ ಗೊಂದಲವಲ್ಲ. ವಕೀಲರೂ ನ್ಯಾಯಾಧೀಶರೂ ನೂರೆಪ್ಪತ್ತು ವರ್ಷಗಳಿಂದ ಇದರ ಜೊತೆ ಗುದ್ದಾಡುತ್ತಿದ್ದಾರೆ. ಅದರಲ್ಲೂ ಕೊಕ್ಕೆ, ಹಿಡಿ, ಕ್ಲಾಂಪುಗಳಂಥ ಸಣ್ಣ ವಸ್ತುಗಳ ವಿಚಾರದಲ್ಲಿ ಈ ಕಷ್ಟ ಹೆಚ್ಚು. ಔಷಧದ ಅಣುವನ್ನು ನೋಡಿ 'ಇದು ನನಗೂ ಹೊಳೆಯುತ್ತಿತ್ತು' ಎನ್ನುವವರು ಕಡಿಮೆ. ಕೊಕ್ಕೆಯನ್ನು ನೋಡಿದರೆ ಎಲ್ಲರೂ ಹಾಗೆ ಅನ್ನುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ. ಹಳೆಯ ಭಾಗಗಳಿಂದ ಮಾಡಿದ್ದು ಆವಿಷ್ಕಾರವಾಗಬಲ್ಲದೇ ಎಂಬುದು ಒಂದು. 'ಹೊಳೆಯುವುದು' ಎಂಬ ಮನಸ್ಸಿನ ಸಂಗತಿಗೆ ಅಳತೆಗೋಲು ಇದೆಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ 'ಹೌದು'. ಹೇಗೆ ಎಂಬುದನ್ನು ಒಂದೊಂದೇ ಮೆಟ್ಟಿಲು ಹತ್ತುತ್ತಾ ನೋಡೋಣ.

ಮೊದಲು, ಹೊಸತನ ಬೇರೆ, ಆವಿಷ್ಕಾರದ ಹೆಜ್ಜೆ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಫಿಟ್ಟರ್ ಮಾಡಿದಂಥ ಕ್ಲಿಪ್ ಅದೇ ರೂಪದಲ್ಲಿ, ಎಲ್ಲ ಅಂಶಗಳೊಡನೆ, ಮೊದಲೇ ಎಲ್ಲಾದರೂ ಪ್ರಕಟವಾಗಿದ್ದರೆ ಅಥವಾ ಬಳಕೆಯಲ್ಲಿದ್ದರೆ ಅದು ಹೊಸದಲ್ಲ. ಮಾತು ಅಲ್ಲಿಗೇ ಮುಗಿಯಿತು. ಹಾಗೆ ಎಲ್ಲೂ ಇಲ್ಲದಿದ್ದರೆ ಅದು ಹೊಸದು. ಆದರೆ ಹೊಸದೆಂಬ ಒಂದೇ ಕಾರಣಕ್ಕೆ ಪೇಟೆಂಟ್ ಸಿಗುವುದಿಲ್ಲ. ಹಸಿರು ಬಣ್ಣದ, ಏಳು ತೂತಿನ ಕ್ಲಿಪ್ಪನ್ನು ಈವರೆಗೆ ಯಾರೂ ಮಾಡಿಲ್ಲದಿರಬಹುದು. ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ. ಆದ್ದರಿಂದ ಎರಡನೆಯ ಬಾಗಿಲೊಂದನ್ನು ದಾಟಬೇಕು: ಹಳೆಯದಕ್ಕೂ ಇದಕ್ಕೂ ಇರುವ ಅಂತರ, ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಷ್ಟು ಚಿಕ್ಕದೇ?

ಭಾರತದ 1970ರ ಪೇಟೆಂಟ್ ಕಾಯ್ದೆಯ 2(1)(ಜೆಎ) ಕಲಮು ಹೇಳುವುದು ಇದನ್ನೇ. 2005ರ ತಿದ್ದುಪಡಿಯ ನಂತರದ ಅದರ ಸಾರ ಹೀಗಿದೆ: ಈಗಾಗಲೇ ಇರುವ ಜ್ಞಾನಕ್ಕಿಂತ ತಾಂತ್ರಿಕವಾಗಿ ಮುಂದುವರಿದಿರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಜೊತೆಗೆ, ಆ ಕಸುಬಿನಲ್ಲಿ ನುರಿತ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಈ ಕೊನೆಯ ಷರತ್ತಿನಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಈ ಎರಡನೆಯ ಬಾಗಿಲು ಎಲ್ಲಿಂದ ಬಂತು ಎಂದು ಕೇಳಿದರೆ, ನಿಜವಾಗಿಯೂ ಒಂದು ಬಾಗಿಲಿನಿಂದಲೇ ಎನ್ನಬಹುದು. ಅಮೆರಿಕದಲ್ಲಿ ಹಾಚ್‌ಕಿಸ್ ಮತ್ತು ಸಂಗಡಿಗರಿಗೆ 1841ರಲ್ಲಿ ಬಾಗಿಲಿನ ಗುಂಡು ಹಿಡಿಯೊಂದಕ್ಕೆ ಪೇಟೆಂಟ್ ಸಿಕ್ಕಿತ್ತು. ಹಿಡಿ ಜೇಡಿಮಣ್ಣಿನದು ಅಥವಾ ಪಿಂಗಾಣಿಯದು. ಅದರೊಳಗೆ ಪಾರಿವಾಳದ ಬಾಲದ ಆಕಾರದ ಗುಳಿ: ಬಾಯಿ ಕಿರಿದು, ಒಳಗೆ ಅಗಲ. ಅಲ್ಲಿಗೆ ಕರಗಿದ ಲೋಹ ಹೊಯ್ದು ಸರಳಿಗೆ ಬೆಸೆದರೆ, ಲೋಹ ಆರಿ ಗಟ್ಟಿಯಾದ ಮೇಲೆ ಹಿಡಿ ಕಳಚುವುದಿಲ್ಲ. ಈ ಜೋಡಣೆ ಮೊದಲೇ ಗೊತ್ತಿತ್ತು, ಲೋಹದ ಮತ್ತು ಮರದ ಹಿಡಿಗಳಲ್ಲಿ ಬಳಕೆಯಲ್ಲೂ ಇತ್ತು. ಮಣ್ಣಿನ ಹಿಡಿಗೆ ಅದನ್ನು ತಂದದ್ದು ಮಾತ್ರ ಹೊಸದು. 1851ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪೇಟೆಂಟ್ ನಿಲ್ಲುವುದಿಲ್ಲ ಎಂದಿತು. ಒಂದು ವಸ್ತುವಿನ ಬದಲು ಇನ್ನೊಂದನ್ನು ಬಳಸುವುದು ಕುಶಲ ಕೆಲಸಗಾರನ ಕೆಲಸ, ಆವಿಷ್ಕಾರಕನದಲ್ಲ ಎಂಬುದು ಅದರ ತರ್ಕ. ಹೊಸ ಹಿಡಿ ಅಗ್ಗವಾಗಿದೆ, ಚೆನ್ನಾಗಿದೆ, ಅದಕ್ಕೆ ಬೆಲೆಯಿಲ್ಲವೇ ಎಂದು ಪೀಠದ ಒಬ್ಬ ನ್ಯಾಯಾಧೀಶರು ಭಿನ್ನಮತ ಬರೆದರು. ಆ ಭಿನ್ನಮತವೂ ಅರ್ಥವಿಲ್ಲದ್ದಲ್ಲ. ನೀವು ಕೇಳಿದ ಪ್ರಶ್ನೆಯೇ ಅದರೊಳಗಿದೆ.

ಈಗ ಅಳತೆಗೋಲಿಗೆ ಬರೋಣ. ಹೊಳೆಯುತ್ತಿತ್ತು ಎಂದರೆ ಯಾರಿಗೆ? ಕಾನೂನು ಇದಕ್ಕೊಬ್ಬ ಕಲ್ಪಿತ ವ್ಯಕ್ತಿಯನ್ನು ಇಟ್ಟುಕೊಂಡಿದೆ. ಅವನು ನ್ಯಾಯಾಧೀಶನೂ ಅಲ್ಲ, ದಾರಿಹೋಕನೂ ಅಲ್ಲ, ಎಡಿಸನ್ನನಂಥ ಮೇಧಾವಿಯೂ ಅಲ್ಲ. ಆ ಕಸುಬನ್ನು ಚೆನ್ನಾಗಿ ಬಲ್ಲ ಸಾಮಾನ್ಯ ಕಸುಬುದಾರ. ತನ್ನ ಕ್ಷೇತ್ರದಲ್ಲಿ ಪ್ರಕಟವಾದದ್ದೆಲ್ಲ ಅವನಿಗೆ ಗೊತ್ತು ಎಂದು ಕಾನೂನು ಭಾವಿಸುತ್ತದೆ. ಈ ವಿಷಯದಲ್ಲಿ ಮಾತ್ರ ಅವನು ನಮ್ಮ ನಿಮ್ಮಂಥವರಿಗಿಂತ ಮೇಲು. ನಿಮ್ಮ ವರ್ಕ್‌ಶಾಪಿನ ಅನುಭವಿ ಫಿಟ್ಟರನ್ನು ನೆನೆದುಕೊಳ್ಳಿ. ಅವರ ಮೇಜಿನ ಮೇಲೆ ಹಳೆಯ ಕ್ಯಾಟಲಾಗುಗಳನ್ನೂ ಪೇಟೆಂಟುಗಳನ್ನೂ ರಾಶಿ ಹಾಕಿ, ಅವರು ಎಲ್ಲವನ್ನೂ ಓದಿದ್ದಾರೆ ಎಂದುಕೊಳ್ಳಿ. ಕಾನೂನಿನ ಕಸುಬುದಾರ ಹೆಚ್ಚುಕಡಿಮೆ ಹೀಗಿರುತ್ತಾನೆ.

ಇವನನ್ನು ನಮ್ಮ ಸುಪ್ರೀಂ ಕೋರ್ಟ್ 1978ರ ಡಿಸೆಂಬರಿನಲ್ಲಿ ಬಹಳ ಸ್ಪಷ್ಟವಾಗಿ ಚಿತ್ರಿಸಿದೆ. ವಿವಾದ ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ತಯಾರಕರದು. ಪ್ರಕರಣದ ಹೆಸರು ವಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್. ಲೇತಿನಲ್ಲಿ ಪಾತ್ರೆಯನ್ನು ತಿರುಗಿಸಿ ಹೆರೆಯುವಾಗ ಅದನ್ನು ಹಿಡಿದಿಡುವ ಸಾಧನಕ್ಕೆ 1951ರ ಪೇಟೆಂಟ್ ಇತ್ತು. ಒಂದು ಕಡೆ ಅಡಾಪ್ಟರ್, ಇನ್ನೊಂದು ಕಡೆಯಿಂದ ಒತ್ತುವ ಸ್ಪಿಂಡಲ್, ನಡುವೆ ಪಾತ್ರೆ. ಇದು ಕೂಡ ನಿಮ್ಮ ಕ್ಲಿಪ್ಪಿನಂತೆ 'ಹಿಡಿಯುವ' ಸಮಸ್ಯೆಯೇ. ಹತ್ತಾರು ವರ್ಷಗಳಿಂದ ಗೊತ್ತಿದ್ದ ಹಳೆಯ ಉಪಾಯವನ್ನು ತುಸು ಬದಲಿಸಿ ಪಾತ್ರೆ ಹೆರೆಯುವ ಕೆಲಸಕ್ಕೆ ಹಚ್ಚಲಾಗಿದೆ, ಇದು ವರ್ಕ್‌ಶಾಪಿನಲ್ಲಿ ಆಗುವ ಸಾಮಾನ್ಯ ಸುಧಾರಣೆ, ಕುಶಲಕರ್ಮಿಯ ಕೈಗೆ ಮೀರಿದ್ದೇನಲ್ಲ ಎಂದು ಕೋರ್ಟ್ ಪೇಟೆಂಟನ್ನು ಒಪ್ಪಲಿಲ್ಲ.

ಆ ತೀರ್ಪಿನಲ್ಲಿ ಒಂದು ಪರೀಕ್ಷೆ ಇದೆ. ಅದರ ತಾತ್ಪರ್ಯ ಇದು: ಹಳೆಯ ದಾಖಲೆಯನ್ನು ಸಮರ್ಥ ಕಸುಬುದಾರನ ಕೈಗೆ ಕೊಡಿ. ಆ ದಿನಾಂಕದವರೆಗಿನ ಸಾಮಾನ್ಯ ಜ್ಞಾನವೆಲ್ಲ ಅವನಿಗಿರಲಿ. ಆವಿಷ್ಕಾರಕ ಬಗೆಹರಿಸಿದ ಅದೇ ಸಮಸ್ಯೆ ಅವನೆದುರಿಗಿರಲಿ. ಆದರೆ ಪೇಟೆಂಟ್ ಪಡೆದ ಉತ್ತರ ಅವನಿಗೆ ಗೊತ್ತಿರದಿರಲಿ. ಆಗ ಅವನು 'ನನಗೆ ಬೇಕಾದದ್ದು ಇಲ್ಲೇ ಇದೆಯಲ್ಲ' ಎನ್ನುತ್ತಿದ್ದನೇ? ಉತ್ತರ ಗೊತ್ತಿರದಿರಲಿ ಎಂಬ ಷರತ್ತಿಗೆ ಗೆರೆ ಹಾಕಿಕೊಳ್ಳಿ. ಮುಂದಿನ ಮಾತೆಲ್ಲ ಅದರ ಸುತ್ತಲೇ ಇದೆ.

ಹಾಗಾದರೆ ಪರೀಕ್ಷೆ ನಡೆಯುವ ಕ್ರಮ ಯಾವುದು? ದೆಹಲಿ ಹೈಕೋರ್ಟ್ 2015ರಲ್ಲಿ ಹಾಫ್‌ಮನ್ ಲಾ ರೋಶ್ ಮತ್ತು ಸಿಪ್ಲಾ ನಡುವಿನ ಔಷಧ ಪ್ರಕರಣದಲ್ಲಿ ಐದು ಹೆಜ್ಜೆ ಹೇಳಿತು. ಅವು ಕ್ಲಿಪ್ಪಿಗೂ ಹೊಂದುತ್ತವೆ. ಒಂದು, ಆ ಕಸುಬಿನ ಸಾಮಾನ್ಯ ಬಲ್ಲವ ಯಾರು ಎಂದು ಗುರುತಿಸಿ. ಎರಡು, ಪೇಟೆಂಟ್ ಕೇಳುತ್ತಿರುವ ಸಂಗತಿಯ ಆವಿಷ್ಕಾರದ ತಿರುಳು ಏನೆಂದು ತಿಳಿಯಿರಿ. ಮೂರು, ಅರ್ಜಿಯ ದಿನಾಂಕದಲ್ಲಿ ಆ ಬಲ್ಲವನಿಗೆ ಇದ್ದಿರಬಹುದಾದ ಸಾಮಾನ್ಯ ಜ್ಞಾನವನ್ನು ಅವನಿಗೆ ಕೊಡಿ. ನಾಲ್ಕು, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಗುರುತುಮಾಡಿ. ಐದು, ಆ ವ್ಯತ್ಯಾಸ ಅವನಿಗೆ ಹೊಳೆಯುತ್ತಿತ್ತೇ ಎಂದು ಕೇಳಿ, ಹಿನ್ನೋಟದ ಜಾಣತನವನ್ನು ಹೊರಗಿಟ್ಟು.

ಅಮೆರಿಕದಲ್ಲೂ ಕ್ರಮ ಬಹುಪಾಲು ಇದೇ. ಅಲ್ಲಿ 1952ರ ಕಾಯ್ದೆಯ 103ನೇ ಕಲಮಿಗೆ ಸುಪ್ರೀಂ ಕೋರ್ಟ್ 1966ರಲ್ಲಿ ಗ್ರಹಾಂ ವಿರುದ್ಧ ಜಾನ್ ಡೀರ್ ಪ್ರಕರಣದಲ್ಲಿ ಅರ್ಥ ಹೇಳಿತು. ಅದು ಕಲ್ಲುನೆಲ ಉಳುವ ನೇಗಿಲಿನ ಕಾಲನ್ನು ಚೌಕಟ್ಟಿಗೆ ಕಚ್ಚಿಸುವ ಕ್ಲಾಂಪಿನ ವಿವಾದ. ಗ್ರಹಾಂ ತಮ್ಮ ಹಳೆಯ ಜೋಡಣೆಯಲ್ಲಿ ಮೇಲಿದ್ದ ಕಾಲನ್ನು ಹೊಸದರಲ್ಲಿ ಕೀಲಿನ ತಟ್ಟೆಯ ಕೆಳಗೆ ತಂದಿದ್ದರು. ಹಳೆಯದರ ತೊಂದರೆ ನೋಡಿದ ಯಾವ ಬಲ್ಲವನಾದರೂ ಮಾಡುತ್ತಿದ್ದುದು ಇದನ್ನೇ, ಮೇಲು ಕೆಳಗು ಮಾಡುವುದನ್ನು, ಎಂದು ಕೋರ್ಟ್ ಪೇಟೆಂಟನ್ನು ತಳ್ಳಿಹಾಕಿತು.

ಇಷ್ಟು ಹೇಳಿದರೆ ಎಲ್ಲವೂ ಸೋಲುತ್ತವೆ ಎಂಬ ಭಾವನೆ ಬರಬಹುದು. ಆದ್ದರಿಂದ ಗೆದ್ದ ಒಂದು ಕ್ಲಾಂಪನ್ನು ಹತ್ತಿರದಿಂದ ನೋಡೋಣ. ಅದು ನಿಮ್ಮ ಕ್ಲಿಪ್ಪಿಗೆ ನೆಂಟ.

ರಬ್ಬರ್ ಪೈಪನ್ನು ಲೋಹದ ಕೊಳವೆಯ ಮೇಲೆ ಬಿಗಿಯುವ ಲೋಹದ ಪಟ್ಟಿಯನ್ನು ಕಾರಿನ ಬಾನೆಟ್ ಎತ್ತಿದಾಗ ನೋಡಿರುತ್ತೀರಿ. ಹ್ಯಾನ್ಸ್ ಓಟಿಕರ್ ಎಂಬವರು ಇಂಥ ಪಟ್ಟಿಗಳ ಹೆಸರಾಂತ ತಯಾರಕರು. ಅವರ ಒಂದು ಪಟ್ಟಿಗೆ ಆಗಲೇ ಪೇಟೆಂಟ್ ಇತ್ತು. ಅದರ ಸುಧಾರಿತ ರೂಪಕ್ಕೆ ಅಮೆರಿಕದಲ್ಲಿ ಮತ್ತೆ ಅರ್ಜಿ ಹಾಕಿದರು. ತೊಂದರೆ ಎಲ್ಲಿತ್ತು ಎಂದರೆ, ಜೋಡಣಾ ಸಾಲಿನಲ್ಲಿ. ಪಟ್ಟಿಯನ್ನು ಬಳೆಯಂತೆ ಸುತ್ತಿ ಪೈಪಿನ ಮೇಲೆ ಕೂರಿಸಬೇಕು, ಆಮೇಲೆ ಉಪಕರಣದಿಂದ ಬಿಗಿಯಬೇಕು. ಈ ಎರಡು ಕೆಲಸಗಳ ನಡುವೆ ಪಟ್ಟಿ ತನ್ನ ಬಳೆಯ ಆಕಾರವನ್ನು ನೆಚ್ಚಿಗೆಯಾಗಿ ಉಳಿಸಿಕೊಳ್ಳಬೇಕಿತ್ತು. ಓಟಿಕರ್ ಅದಕ್ಕೊಂದು ಪುಟ್ಟ ಕೊಕ್ಕೆ ಸೇರಿಸಿದರು. ಬಿಗಿಯುವ ತನಕ ಬಳೆಯನ್ನು ಮುಚ್ಚಿ ಹಿಡಿದಿರುವುದು ಅದರ ಕೆಲಸ. ಬಿಗಿಯುತ್ತಿದ್ದಂತೆ ಅದು ತಾನಾಗಿ ಕಳಚಿಕೊಳ್ಳುತ್ತದೆ.

ಪರೀಕ್ಷಕರು ಒಪ್ಪಲಿಲ್ಲ. ಅವರು ಎರಡು ಹಳೆಯ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಓಟಿಕರ್ ಅವರದೇ ಹಿಂದಿನ, ಕೊಕ್ಕೆಯಿಲ್ಲದ ಪಟ್ಟಿಯ ಪೇಟೆಂಟ್. ಇನ್ನೊಂದು, ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಹುಕ್ಕಿನ ಪೇಟೆಂಟ್. ನಮ್ಮಲ್ಲಿ ರವಿಕೆಗೆ ಹೊಲಿಯುವ ಹುಕ್ಕು ಮತ್ತು ಅದು ಸಿಕ್ಕಿಕೊಳ್ಳುವ ಕಣ್ಣು ಇರುತ್ತವಲ್ಲ, ಆ ಜಾತಿಯದು. ಸಿಕ್ಕಿಸುವ ಸಮಸ್ಯೆ ಎರಡು ಕಡೆಯೂ ಒಂದೇ, ಬಟ್ಟೆಯ ಹುಕ್ಕನ್ನು ಎಲ್ಲರೂ ಬಲ್ಲರು, ಆದ್ದರಿಂದ ಎರಡನ್ನು ಸೇರಿಸುವುದು ಸಹಜ ಎಂಬುದು ವಾದ. ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಯೂ ಇದಕ್ಕೆ ತಲೆಯಾಡಿಸಿತು.

1992ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ನಿರ್ಣಯವನ್ನು ತಿರುಗಿಸಿತು. ಅದು ಕೇಳಿದ್ದು ಬಹಳ ಲೌಕಿಕವಾದ ಪ್ರಶ್ನೆ: ಪೈಪಿನ ಪಟ್ಟಿ ಕೈಕೊಡುತ್ತಿದೆ ಎಂದು ತಲೆಕೆಡಿಸಿಕೊಂಡ ಎಂಜಿನಿಯರ್, ಉತ್ತರ ಹುಡುಕಿಕೊಂಡು ದರ್ಜಿಯ ಡಬ್ಬಿಗೆ ಕೈಹಾಕುತ್ತಾನೆಯೇ? ಬಲ್ಲವನು ಎಲ್ಲೆಲ್ಲಿ ಹುಡುಕುತ್ತಾನೆ ಎಂಬುದನ್ನು ವಾಸ್ತವ ನೋಡಿ, ಸಾಮಾನ್ಯ ವಿವೇಕ ಬಳಸಿ ನಿರ್ಧರಿಸಬೇಕು, ಉತ್ತರವನ್ನು ಮುಂದಿಟ್ಟುಕೊಂಡು ಅದಕ್ಕೆ ಬೇಕಾದ ತುಂಡುಗಳನ್ನು ದೂರದ ಕ್ಷೇತ್ರಗಳಿಂದ ಆರಿಸಿ ತಂದು ಜೋಡಿಸಿದರೆ ಸಾಲದು ಎಂದು ಅದು ಹೇಳಿತು.

ಕೋರ್ಟಿನ ಕಾರಣ ಅಷ್ಟು. ಕಸುಬಿನ ಕಣ್ಣಿನಿಂದ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ರವಿಕೆಯ ಹುಕ್ಕು ಎಳೆದಷ್ಟೂ ಗಟ್ಟಿಯಾಗಿ ಹಿಡಿಯಬೇಕು. ತಾನಾಗಿ ಬಿಚ್ಚಿಕೊಂಡರೆ ಅದು ಕೆಟ್ಟ ಹುಕ್ಕು, ದರ್ಜಿಗೆ ವಾಪಸು ಹೋಗುತ್ತದೆ. ಪಟ್ಟಿಯ ಕೊಕ್ಕೆಗೆ ಬೇಕಾದದ್ದು ಇದರ ತದ್ವಿರುದ್ಧ: ಸಡಿಲವಿರುವಾಗ ಹಿಡಿಯಬೇಕು, ಬಿಗಿದಾಗ ಬಿಡಬೇಕು. ನೋಡಲು ಎರಡೂ ಕೊಕ್ಕೆಯೇ, ಮಾಡುವ ಕೆಲಸ ಬೇರೆ. ಹೀಗೆ ಆಕಾರದ ಹೋಲಿಕೆಗಿಂತ ಕೆಲಸದ ಹೋಲಿಕೆಯನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಇಂಥ ಪ್ರಶ್ನೆಗಳು ಅರ್ಧ ಹಗುರವಾಗುತ್ತವೆ.

ಹಾಗೆಂದು ಬೇರೆ ಕ್ಷೇತ್ರದ ವಸ್ತುವನ್ನು ಎಂದೂ ಎದುರಿಗಿಡುವಂತಿಲ್ಲ ಎಂದು ತಿಳಿಯಬೇಡಿ. ಎರಡೇ ವರ್ಷಗಳ ನಂತರ, 1994ರಲ್ಲಿ, ಅದೇ ನ್ಯಾಯಾಲಯಕ್ಕೆ ಪಾಲ್ಸನ್ ಅವರ ಪ್ರಕರಣ ಬಂತು. ಇಂದಿನ ಲ್ಯಾಪ್‌ಟಾಪಿನಂತೆ ಪರದೆಯನ್ನು ಮಡಚಿ ಮುಚ್ಚುವ ಕಂಪ್ಯೂಟರಿನ ಪೇಟೆಂಟ್ ಅದು. ಪರದೆಯನ್ನು ಹಿಡಿದಿಡುವ ಕೀಲು ಮತ್ತು ಚಿಲಕದ ವಿಚಾರದಲ್ಲಿ ಪಿಯಾನೋ ಮುಚ್ಚಳ, ಅಡುಗೆಮನೆಯ ಬೀರು, ವಾಷಿಂಗ್ ಮೆಷಿನ್, ಕ್ಯಾಸೆಟ್ ಡಬ್ಬಿಗಳ ಕೀಲುಗಳನ್ನು ಎದುರಿಗಿಟ್ಟರು. ಕಂಪ್ಯೂಟರಿಗೂ ಪಿಯಾನೋಗೂ ಏನು ಸಂಬಂಧ ಎಂಬ ವಾದ ಈ ಸಲ ನಡೆಯಲಿಲ್ಲ. ಮುಚ್ಚಳವನ್ನು ಜೋಡಿಸಿ, ತೆರೆದು, ನಿಲ್ಲಿಸುವ ಸಮಸ್ಯೆ ಕಂಪ್ಯೂಟರಿಗೆ ಮಾತ್ರ ಸೇರಿದ್ದಲ್ಲ, ಕೀಲು ಬೇಕಾದವನು ಕೀಲುಗಳಿರುವ ಕಡೆಯೆಲ್ಲ ನೋಡುತ್ತಾನೆ ಎಂದಿತು ನ್ಯಾಯಾಲಯ.

ಒಂದೇ ನ್ಯಾಯಾಲಯ, ಒಂದು ಕಡೆ ಬಟ್ಟೆಯ ಹುಕ್ಕು ದೂರವಾಯಿತು, ಇನ್ನೊಂದು ಕಡೆ ಪಿಯಾನೋ ಹತ್ತಿರವಾಯಿತು. ಮನಸ್ಸಿಗೆ ಬಂದ ತೀರ್ಪು ಎಂದು ನಿಮಗೆ ಅನ್ನಿಸುವುದು ಇಂಥ ಕಡೆಯೇ. ಆದರೆ ಎರಡರಲ್ಲೂ ಕೇಳಿದ ಪ್ರಶ್ನೆ ಒಂದೇ: ಈ ಸಮಸ್ಯೆ ಹಿಡಿದು ಕೂತವನು ಸಹಜವಾಗಿ ಆ ಕಡೆ ತಿರುಗಿ ನೋಡುತ್ತಿದ್ದನೇ? ಉತ್ತರ ಮಾತ್ರ ಸಮಸ್ಯೆಗೆ ತಕ್ಕಂತೆ ಬೇರೆಯಾಯಿತು. ಅಳತೆಗೋಲು ಒಂದೇ ಇದ್ದರೂ ಅಳೆಯುವ ಬಟ್ಟೆ ಬೇರೆ.

ಈಗ ನಿಮ್ಮನ್ನು ಕಾಡಿರುವ ಮುಖ್ಯ ಗೊಂದಲವನ್ನು ಬಿಡಿಸೋಣ. 'ಇದು ಇಷ್ಟು ಸರಳವಾಗಿದೆ, ಆದ್ದರಿಂದ ಯಾರಿಗಾದರೂ ಹೊಳೆಯುತ್ತಿತ್ತು' ಎಂಬುದು ತಪ್ಪು ತರ್ಕ. ಸರಳವಾಗಿರುವುದು ಬೇರೆ, ಸಹಜವಾಗಿ ಹೊಳೆಯುವುದು ಬೇರೆ. ಓಟಿಕರ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು ಬಾಯಿಬಿಟ್ಟು ಹೇಳಿತು: ಆವಿಷ್ಕಾರ ಸರಳವಾದದ್ದು ನಿಜ, ಆದರೆ ಸರಳತೆ ಪೇಟೆಂಟಿಗೆ ಶತ್ರುವಲ್ಲ.

ಒಗಟನ್ನು ನೆನಪಿಸಿಕೊಳ್ಳಿ. ಅಜ್ಜಿ ಒಗಟು ಹಾಕಿದಾಗ ಮನೆಮಂದಿಯೆಲ್ಲ ತಲೆ ಕೆರೆದುಕೊಳ್ಳುತ್ತಾರೆ. ಅಜ್ಜಿಯೇ ಒಡೆದು ಹೇಳಿದ ಮೇಲೆ 'ಅಯ್ಯೋ, ಇಷ್ಟೇನಾ' ಎನ್ನುತ್ತಾರೆ. ಹಾಗೆ ಅಂದವರಲ್ಲಿ ಒಬ್ಬರೂ ಎರಡು ನಿಮಿಷದ ಹಿಂದೆ ಬಾಯಿಬಿಟ್ಟಿರಲಿಲ್ಲ. ಉತ್ತರ ಸುಲಭವಾಗಿತ್ತು, ಉತ್ತರ ಹುಡುಕುವುದು ಸುಲಭವಾಗಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇರುವುದೂ ಈ ತಡವಾದ ಬೆಳಕಿಗೇ. ಒಳ್ಳೆಯ ಕೊಕ್ಕೆ ಒಡೆದ ಒಗಟಿನಂತೆ: ತನ್ನ ಉತ್ತರವನ್ನು ಮೈಮೇಲೇ ಹೊತ್ತುಕೊಂಡಿರುತ್ತದೆ. ನೋಡಿದ ಕೂಡಲೇ ಅರ್ಥವಾಗುತ್ತದೆ. ಅರ್ಥವಾದದ್ದನ್ನೇ ನಾವು ಹೊಳೆದದ್ದು ಎಂದು ತಪ್ಪಾಗಿ ಎಣಿಸುತ್ತೇವೆ. ಈ ಗೊಂದಲ ಸಹಜವಾದದ್ದು. ತರಬೇತಾದ ಪರೀಕ್ಷಕರೂ ಇದಕ್ಕೆ ಸಿಕ್ಕಿಬೀಳುತ್ತಾರೆ ಎಂಬ ಕಾರಣಕ್ಕೇ ಆ ಐದನೆಯ ಹೆಜ್ಜೆಯಲ್ಲಿ ಎಚ್ಚರಿಕೆ ಇಟ್ಟಿರುವುದು.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ತೋರಿಸಬೇಕು. ಕಸುಬುದಾರನನ್ನು ಪೆದ್ದನೆಂದು ಭಾವಿಸುವಂತೆಯೂ ಇಲ್ಲ. ಹಳೆಯ ಎರಡು ತುಂಡುಗಳನ್ನು ಸೇರಿಸಿ ಎಂದು ಯಾವುದಾದರೂ ಕಾಗದದಲ್ಲಿ ಬರೆದಿದ್ದರೆ ಮಾತ್ರ ಅವನು ಸೇರಿಸುತ್ತಾನೆ ಎಂಬ ಕಟ್ಟುನಿಟ್ಟಿನ ನಿಲುವು ಅಮೆರಿಕದಲ್ಲಿ ಕೆಲಕಾಲ ಬಲವಾಗಿತ್ತು. 2007ರಲ್ಲಿ ಕೆಎಸ್ಆರ್ ವಿರುದ್ಧ ಟೆಲಿಫ್ಲೆಕ್ಸ್ ಪ್ರಕರಣದಲ್ಲಿ, ಕಾರಿನ ಹೊಂದಿಸಬಹುದಾದ ಪೆಡಲಿಗೆ ಎಲೆಕ್ಟ್ರಾನಿಕ್ ಸಂವೇದಕ ಸೇರಿಸಿದ ಪೇಟೆಂಟನ್ನು ಪರಿಶೀಲಿಸುತ್ತಾ, ಅಲ್ಲಿನ ಸುಪ್ರೀಂ ಕೋರ್ಟ್ ಈ ಬಿಗಿಯನ್ನು ಸಡಿಲಿಸಿತು. ಕಸುಬು ಬಲ್ಲವನಿಗೂ ಸಾಮಾನ್ಯ ಮಟ್ಟದ ಸೃಜನಶೀಲತೆ ಇರುತ್ತದೆ, ಅವನು ಯಂತ್ರಮಾನವನಲ್ಲ, ಪರಿಚಿತ ವಸ್ತುಗಳಿಗೆ ಮೂಲ ಉದ್ದೇಶದಾಚೆಗೂ ಬಳಕೆಗಳಿರುತ್ತವೆ ಎಂದು ಅದು ನೆನಪಿಸಿತು. ಪರಿಚಿತ ಭಾಗಗಳು ತಂತಮ್ಮ ಪರಿಚಿತ ಕೆಲಸವನ್ನೇ ಮಾಡುತ್ತಾ ನಿರೀಕ್ಷಿತ ಫಲವನ್ನೇ ಕೊಟ್ಟರೆ ಆ ಜೋಡಣೆ ಪೇಟೆಂಟಿಗೆ ಅರ್ಹವಾಗುವುದು ಕಷ್ಟ.

ನಮ್ಮ ಕಾಯ್ದೆಯ 3(ಎಫ್) ಕಲಮಿನ ಧಾಟಿಯೂ ಇದೇ. ಗೊತ್ತಿರುವ ಸಾಧನಗಳನ್ನು ಬರಿದೆ ಪಕ್ಕಪಕ್ಕ ಜೋಡಿಸಿ, ಪ್ರತಿಯೊಂದೂ ಇನ್ನೊಂದರ ಹಂಗಿಲ್ಲದೆ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, ಕಾಯ್ದೆ ಅದನ್ನು ಆವಿಷ್ಕಾರವೆಂದು ಎಣಿಸುವುದೇ ಇಲ್ಲ. ಫ್ಯಾನ್ ಸಿಕ್ಕಿಸಿದ ಛತ್ರಿ, ಟಾರ್ಚ್ ಕೂರಿಸಿದ ಬಕೆಟ್ಟು ಇದಕ್ಕೆ ಕೊಡುವ ಉದಾಹರಣೆಗಳು. ಛತ್ರಿ ಮಳೆ ತಡೆಯುತ್ತದೆ, ಫ್ಯಾನ್ ಗಾಳಿ ಬೀಸುತ್ತದೆ, ಒಂದಕ್ಕೊಂದು ಮಾತಾಡುವುದಿಲ್ಲ. ಓಟಿಕರ್ ಪಟ್ಟಿಯಲ್ಲಿ ಹಾಗಲ್ಲ. ಪಟ್ಟಿ ಬಿಗಿಯಾಗುವ ಚಲನೆಯೇ ಕೊಕ್ಕೆಯನ್ನು ಬಿಡಿಸುತ್ತದೆ. ಭಾಗಗಳು ಹಳೆಯವಾದರೂ ಅವುಗಳ ನಡುವಿನ ಹೊಂದಾಣಿಕೆ ಹೊಸದು. ನಿಮ್ಮ ಮೊದಲ ಸಂದೇಹಕ್ಕೆ ಉತ್ತರ ಇಲ್ಲಿದೆ: ಹಳೆಯ ಭಾಗಗಳಿಂದ ಆವಿಷ್ಕಾರವಾಗಬಲ್ಲದು, ಸೇರಿದ ಮೇಲೆ ಅವು ಒಂದಕ್ಕೊಂದು ಏನು ಮಾಡುತ್ತವೆ ಎಂಬುದರ ಮೇಲೆ.

ಹಿನ್ನೋಟದ ಕಣ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಹೊರಗಿನ ಸಾಕ್ಷಿಗಳೂ ನೆರವಾಗುತ್ತವೆ. ಗ್ರಹಾಂ ತೀರ್ಪು ಅವನ್ನು ಹೆಸರಿಸಿದೆ: ವಸ್ತು ಮಾರುಕಟ್ಟೆಯಲ್ಲಿ ಗೆದ್ದಿತೇ, ಬಹುಕಾಲದ ಕೊರತೆಯನ್ನು ನೀಗಿತೇ, ಬೇರೆಯವರು ಯತ್ನಿಸಿ ಸೋತಿದ್ದರೇ? ಜಿಪ್‌ನ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿಟ್‌ಕಾಂಬ್ ಜಡ್ಸನ್ 1893ರಲ್ಲಿ ಶೂಗಳಿಗೆಂದು ಕೊಕ್ಕೆ ಸಾಲಿನ ಜಾರುಬೀಗಕ್ಕೆ ಪೇಟೆಂಟ್ ಪಡೆದರು. ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು, ಬೇಡದ ಹೊತ್ತಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಕೊಕ್ಕೆಯನ್ನೇ ಕೈಬಿಟ್ಟು, ಒಂದರೊಳಗೊಂದು ಕೂರುವ ಪುಟ್ಟ ಹಲ್ಲುಗಳ ಸಾಲನ್ನು ಗಿಡಿಯನ್ ಸುಂಡ್‌ಬ್ಯಾಕ್ ರೂಪಿಸಿ 1917ರಲ್ಲಿ ಪೇಟೆಂಟ್ ಪಡೆದರು. ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ಇಂದು ಶಾಲೆಯ ಚೀಲದ ಜಿಪ್ ಎಳೆಯುವ ಮಗುವಿಗೂ ಅದರ ಕೆಲಸ ಅರ್ಥವಾಗುತ್ತದೆ. ಅಷ್ಟು ಸುಲಭವಾಗಿದ್ದರೆ ಆ ಇಪ್ಪತ್ತು ವರ್ಷ ಯಾಕೆ ಬೇಕಾಯಿತು ಎಂದು ಕೇಳಿಕೊಂಡರೆ ಈ ಸಾಕ್ಷಿಗಳ ಬೆಲೆ ತಿಳಿಯುತ್ತದೆ. ಆದರೆ ಅವು ಸಾಕ್ಷಿಗಳು ಮಾತ್ರ. ಬರಿಯ ಜಾಹೀರಾತಿನ ಬಲದಿಂದ ಮಾರಾಟವಾದ ವಸ್ತುವಿಗೆ ಅವು ಆಸರೆಯಾಗುವುದಿಲ್ಲ.

ಇನ್ನು ನಿಮ್ಮ ಕ್ಲಿಪ್ಪಿನ ವಿಚಾರ. ಅದನ್ನು ನೋಡದೆ ನಾನು ತೀರ್ಪು ಕೊಡಲಾರೆ, ಕೊಡಲೂಬಾರದು. ನಿಮ್ಮ ಫಿಟ್ಟರ್ ಜೊತೆ ಕೂತು ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ಒಂದು, ಈಗ ಸಿಗುವ ಕ್ಲಿಪ್ಪುಗಳಲ್ಲಿ ನಿಖರವಾಗಿ ಏನು ತೊಂದರೆ? 'ಚೆನ್ನಾಗಿಲ್ಲ' ಎಂದರೆ ಸಾಲದು. ಎಲ್ಲಿ, ಯಾವಾಗ, ಹೇಗೆ ಕೈಕೊಡುತ್ತದೆ ಎಂದು ಬರೆಯಬೇಕು.

ಎರಡು, ನಿಮ್ಮದಕ್ಕೆ ಅತಿ ಹತ್ತಿರದ ಹಳೆಯ ಕ್ಲಿಪ್ ಯಾವುದು? ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹಳೆಯ ಅರ್ಜಿಗಳನ್ನು ಉಚಿತವಾಗಿ ಹುಡುಕಬಹುದು. ನಿಮ್ಮ ಕ್ಷೇತ್ರದ್ದನ್ನಷ್ಟೇ ನೋಡಬೇಡಿ. ಇದೇ ಸಮಸ್ಯೆ ಬೇರೆಲ್ಲಿ ಬರುತ್ತದೆಯೋ ಅಲ್ಲೂ ನೋಡಿ. ಪಾಲ್ಸನ್ ಅವರ ಪಿಯಾನೋ ನೆನಪಿರಲಿ.

ಮೂರು, ಆ ಹಳೆಯದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಏನು, ಆ ವ್ಯತ್ಯಾಸದಿಂದ ಆಗುವ ಕೆಲಸ ಏನು? ವಸ್ತು, ಅಳತೆ, ಮೇಲು ಕೆಳಗು ಇಷ್ಟೇ ಬದಲಾಗಿದ್ದರೆ ಹಾಚ್‌ಕಿಸ್‌ನ ಹಿಡಿಯೂ ಗ್ರಹಾಂನ ನೇಗಿಲೂ ಎದುರು ಬರುತ್ತವೆ. ಭಾಗಗಳ ನಡುವೆ ಹೊಸ ಹೊಂದಾಣಿಕೆ ಇದ್ದರೆ ಅರ್ಜಿಯಲ್ಲಿ ಒತ್ತಿ ಹೇಳಬೇಕಾದದ್ದು ಅದನ್ನೇ. ಏಕೆಂದರೆ ಅಳೆಯುವುದು ನಿಮ್ಮ ಕೈಯಲ್ಲಿರುವ ಕ್ಲಿಪ್ಪನ್ನಲ್ಲ, ಹಕ್ಕು ಕೇಳುವ ವಾಕ್ಯಗಳಲ್ಲಿ ಬರೆದಿರುವುದನ್ನು.

ನಾಲ್ಕು, ಇದೇ ತೊಂದರೆಯನ್ನು ಬೇರೆ ತಯಾರಕರು ಸರಿಪಡಿಸಲು ನೋಡಿದ್ದಾರೆಯೇ? ಅವರು ಯಾವ ದಾರಿ ಹಿಡಿದರು? ಎಲ್ಲರೂ ಎಡಕ್ಕೆ ಹೋದ ಕಡೆ ನಿಮ್ಮ ಫಿಟ್ಟರ್ ಬಲಕ್ಕೆ ಹೋಗಿದ್ದರೆ ಅದು ನಿಮ್ಮ ಪರವಾದ ಮಾತು. ಅವರಿಗೆ ಇದು ಥಟ್ಟನೆ ಹೊಳೆಯಿತೋ ಆರು ತಿಂಗಳು ಬೆವರು ಸುರಿಸಿದರೋ ಎಂಬುದು ಮುಖ್ಯವಲ್ಲ. ಅಮೆರಿಕದ 103ನೇ ಕಲಮು, ಆವಿಷ್ಕಾರ ಹುಟ್ಟಿದ ಬಗೆ ಅದಕ್ಕೆ ಅಡ್ಡಿಯಾಗಬಾರದು ಎಂದು ಬಿಡಿಸಿಯೇ ಹೇಳುತ್ತದೆ.

ಉತ್ತರಗಳು ಗಟ್ಟಿಯಾಗಿ ಕಂಡರೆ ಪೇಟೆಂಟ್ ಏಜೆಂಟರೊಬ್ಬರನ್ನು ಕಾಣಿ. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಲು ಅವಕಾಶವಿದೆ. ಪೇಟೆಂಟ್ ಸಿಕ್ಕರೆ ಅವಧಿ ಅರ್ಜಿಯ ದಿನದಿಂದ 20 ವರ್ಷ. ಸಿಗುವ ಮೊದಲೂ, ಸಿಕ್ಕಿದ್ದು ಪ್ರಕಟವಾದ ಮೇಲೆ ಒಂದು ವರ್ಷದೊಳಗೂ, 'ಇದು ಸಹಜವಾಗಿ ಹೊಳೆಯುವಂಥದ್ದು' ಎಂದು ಬೇರೆಯವರು ಆಕ್ಷೇಪಿಸಬಹುದು. ಅದೇ ಕಾರಣ ಕೊಟ್ಟು ಹೈಕೋರ್ಟಿನಲ್ಲಿ ರದ್ದತಿಯನ್ನೂ ಕೇಳಬಹುದು. ಅಂದರೆ ಅಳತೆ ಒಬ್ಬರ ಕೈಯಲ್ಲಿ ಒಮ್ಮೆ ನಡೆದು ಮುಗಿಯುವುದಿಲ್ಲ, ಪ್ರತಿ ಸಲವೂ ಕಾರಣ ಬರೆದು ತೋರಿಸಬೇಕು. 'ಮನಸ್ಸಿಗೆ ತೋಚಿದ್ದೇ ತೀರ್ಪೇ' ಎಂಬ ನಿಮ್ಮ ಸಂದೇಹಕ್ಕೆ ನಾನು ಕೊಡಬಹುದಾದ ಸಮಾಧಾನ ಇದು.

ಒಂದು ಎಚ್ಚರಿಕೆ ಉಳಿದಿದೆ. ಅರ್ಜಿ ಸಲ್ಲಿಸುವ ತನಕ ಕ್ಲಿಪ್ಪನ್ನು ಗಿರಾಕಿಗಳಿಗೆ ಮಾರಬೇಡಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿತ್ರ ಹಾಕಬೇಡಿ. ನೀವೇ ಬಹಿರಂಗ ಮಾಡಿದ್ದು ನಿಮಗೇ ಎದುರು ನಿಲ್ಲಬಹುದು.

ಮತ್ತೆ, ಕ್ಲಿಪ್ ನೋಡಿ ನಕ್ಕ ಆ ಗೆಳೆಯರಿಗೆ ಒಂದು ಸಣ್ಣ ಪರೀಕ್ಷೆ ಕೊಡಬಹುದಿತ್ತು. ಅವರು ಈಗಾಗಲೇ ನೋಡಿಬಿಟ್ಟಿದ್ದಾರೆ, ಅವರಿಂದ ಇನ್ನು ಪ್ರಯೋಜನವಿಲ್ಲ. ಕ್ಲಿಪ್ಪನ್ನು ಕಂಡಿರದ, ಬಾಯಿ ಬಿಗಿಹಿಡಿಯಬಲ್ಲ ಇನ್ನೊಬ್ಬ ಅನುಭವಿ ಫಿಟ್ಟರನ್ನು ಕರೆಯಿರಿ. ಹಳೆಯ ಕ್ಲಿಪ್ಪನ್ನೂ ಸೋರುವ ಪೈಪನ್ನೂ ಕೈಗಿಟ್ಟು, ಹೊಸದನ್ನು ಮೇಜಿನ ಖಾನೆಯಲ್ಲಿ ಮುಚ್ಚಿಟ್ಟು, 'ಇದನ್ನು ಹೇಗೆ ಸರಿಪಡಿಸುತ್ತೀರಿ' ಎಂದು ಕೇಳಿ. ಇದೇನೂ ಕಾನೂನಿನ ಪುರಾವೆಯಲ್ಲ. ಆದರೆ ಟೀ ಆರುವುದರೊಳಗೆ ಅವರು ನಿಮ್ಮ ಫಿಟ್ಟರ್ ಮಾಡಿದ್ದನ್ನೇ ಕಾಗದದ ಮೇಲೆ ಗೀಚಿದರೆ ಅರ್ಜಿಯ ಖರ್ಚು ಉಳಿಯಿತು. ಗೀಚದಿದ್ದರೆ, ಖಾನೆಗೆ ಬೀಗ ಹಾಕಿ ಏಜೆಂಟರಿಗೆ ಫೋನ್ ಮಾಡಿ.